ರಾಜಾಶ್ರಯ ಮತ್ತು ಭಾಷೆಯ ಅಳಿವು: ನಾರ್ಮನ್ ಸಿಸಿಲಿಯ ನಿದರ್ಶನ

ಕನ್ನಡದ ಓದುಗರಿಗೆ ನಾರ್ಮನ್ನರೆಂದರೆ ಸಾಮಾನ್ಯವಾಗಿ 1066ರ ಹೇಸ್ಟಿಂಗ್ಸ್ ಯುದ್ಧ, ವಿಜಯಿ ವಿಲಿಯಂ ಮತ್ತು ಇಂಗ್ಲಿಷಿನೊಳಗೆ ಹೊಕ್ಕ ಫ್ರೆಂಚ್ ಪದಗಳು. ಇಂಗ್ಲೆಂಡಿನ ಚರಿತ್ರೆಯನ್ನೂ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನೂ ಒಂದೇ ಉಸಿರಿನಲ್ಲಿ ಕಲಿಸಿದ ಶಿಕ್ಷಣಕ್ರಮದ ಫಲವಿದು. ಅದೇ ಶತಮಾನದಲ್ಲಿ ಅದೇ ನಾರ್ಮಂಡಿಯಿಂದ ಹೊರಟ ಮತ್ತೊಂದು ಗುಂಪು ಮೆಡಿಟರೇನಿಯನ್ ಸಮುದ್ರದ ನಡುವಿನ ಸಿಸಿಲಿ ದ್ವೀಪವನ್ನು ಗೆದ್ದು, ಆ ಕಾಲದ ಯುರೋಪಿನ ಅತ್ಯಂತ ಸಂಪದ್ಭರಿತ ಅರಸೊತ್ತಿಗೆಗಳಲ್ಲಿ ಒಂದನ್ನು ಅಲ್ಲಿ ಕಟ್ಟಿತು. ಭಾಷೆ ಮತ್ತು ಪ್ರಭುತ್ವದ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಇಂಗ್ಲೆಂಡಿಗಿಂತ ಸಿಸಿಲಿಯೇ ಹೆಚ್ಚು ಕಠಿಣವಾದ ಪ್ರಶ್ನೆಗಳನ್ನು ಒಡ್ಡುತ್ತದೆ.

ಸಿಸಿಲಿಯ ನಾರ್ಮನ್ ಅರಸರಿಗೆ ಚರಿತ್ರೆಯಲ್ಲಿ ದೊರೆತಿರುವ ಕೀರ್ತಿ ದೊಡ್ಡದು. ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರೂ ಭಾಷೆಗಳಲ್ಲಿ ಆಳ್ವಿಕೆ ನಡೆಸಿದವರು, ಮೂರು ಮತಗಳ ಜನರನ್ನು ಒಂದೇ ಆಸ್ಥಾನದಲ್ಲಿ ಕೂರಿಸಿದವರು, ಮತಾಂಧತೆಯ ಯುಗದಲ್ಲಿ ಸಹಿಷ್ಣುತೆಯ ದೀಪ ಹಚ್ಚಿದವರು ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2015ರಲ್ಲಿ ಯುನೆಸ್ಕೊ ಪಲೆರ್ಮೊ ನಗರದ ಅರಬ್-ನಾರ್ಮನ್ ಕಟ್ಟಡಗಳನ್ನೂ ಚೆಫಲು ಮತ್ತು ಮೊನ್ರಿಯಾಲೆಯ ಮಹಾಚರ್ಚುಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಈ ಮಾತಿಗೆ ಅಧಿಕೃತ ಮುದ್ರೆಯೂ ಬಿದ್ದಂತಾಯಿತು. ಇದು ಪೂರ್ತಿ ಸುಳ್ಳಲ್ಲ. ಆದರೆ ಇದು ಅರಮನೆಯ ಕಿಟಕಿಯಿಂದ ಕಂಡ ನೋಟ. ಅರಮನೆ ಹೊಗಳಿ ಪೋಷಿಸಿದ ಅರಬ್ಬಿ ಭಾಷೆಗೆ ಆ ದ್ವೀಪದಲ್ಲಿ ಮುಂದೆ ಏನಾಯಿತು ಎಂದು ಕೇಳಿದೊಡನೆ ಚಿತ್ರ ಬದಲಾಗುತ್ತದೆ.

ಗೆಲುವಿನ ಕತೆಯನ್ನು ಸಂಕ್ಷೇಪವಾಗಿ ಹೇಳಬಹುದು. 827ರಲ್ಲಿ ಆರಂಭವಾದ ಉತ್ತರ ಆಫ್ರಿಕದ ಮುಸ್ಲಿಮರ ದಾಳಿ ಮುಂದಿನ ಶತಮಾನದೊಳಗೆ ಸಿಸಿಲಿಯನ್ನು ಬಿಜಾಂಟಿಯಂ ಸಾಮ್ರಾಜ್ಯದಿಂದ ಕಿತ್ತುಕೊಂಡಿತ್ತು. ಪಶ್ಚಿಮ ಭಾಗದಲ್ಲಿ ಅರಬ್ಬಿ ಮಾತನಾಡುವ ಮುಸ್ಲಿಮರು, ಈಶಾನ್ಯದಲ್ಲಿ ಗ್ರೀಕ್ ಕ್ರೈಸ್ತರು ಹೆಚ್ಚಾಗಿದ್ದರು. ಹೋಟ್‌ವಿಲ್ ಮನೆತನದ ಸೋದರರಾದ ರಾಬರ್ಟ್ ಗಿಸ್ಕಾರ್ಡ್ ಮತ್ತು ರೋಜರ್ 1061ರಲ್ಲಿ ಮೆಸ್ಸಿನಾವನ್ನು, 1072ರಲ್ಲಿ ಪಲೆರ್ಮೊವನ್ನು ವಶಪಡಿಸಿಕೊಂಡರು. 1091ರಲ್ಲಿ ನೊಟೊ ಪಟ್ಟಣ ಶರಣಾಗುವುದರೊಂದಿಗೆ ದ್ವೀಪವೆಲ್ಲ ಅವರದಾಯಿತು. ಈ ರೋಜರನ ಮಗ ಎರಡನೆಯ ರೋಜರ್ 1130ರ ಡಿಸೆಂಬರ್ 25ರಂದು ಪಲೆರ್ಮೊದಲ್ಲಿ ರಾಜನಾಗಿ ಕಿರೀಟ ಧರಿಸಿದನು. ಇಂಗ್ಲೆಂಡಿನಲ್ಲಿ ವಿಲಿಯಂ ಕಿರೀಟ ಧರಿಸಿದ್ದೂ ಕ್ರಿಸ್ಮಸ್ಸಿನ ದಿನವೇ, 64 ವರ್ಷಗಳ ಹಿಂದೆ.

ಎರಡನೆಯ ರೋಜರನ ಕಾಲದ ಬಹುಭಾಷಿಕ ಆಕರಗಳು ಶಾಸನಾಭ್ಯಾಸಿಗಳಿಗೆ ರಸದೂಟವೇ ಸರಿ. ಅವನ ತಾಯಿ ಅಡೆಲೈಡ್ 1109ರಲ್ಲಿ ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಬರೆಸಿದ ಆಜ್ಞಾಪತ್ರವೊಂದು ಪಲೆರ್ಮೊದ ದಾಖಲೆ ಭಂಡಾರದಲ್ಲಿ ಉಳಿದಿದೆ. ಯುರೋಪಿನಲ್ಲಿ ಇಂದಿಗೂ ಇರುವ ಅತಿ ಹಳೆಯ ಕಾಗದದ ದಾಖಲೆಗಳಲ್ಲಿ ಅದೂ ಒಂದು. 1142ರಲ್ಲಿ ರೋಜರ್ ಮಾಡಿಸಿದ ಜಲಗಡಿಯಾರದ ಶಾಸನ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಇದೆ. 1133-34ರಲ್ಲಿ ಪಲೆರ್ಮೊದ ಅರಮನೆಯ ಕಾರ್ಯಾಗಾರದಲ್ಲಿ ಸಿದ್ಧವಾದ ಅವನ ರೇಷ್ಮೆಯ ಮೇಲುಹೊದಿಕೆಯ ಅಂಚಿನಲ್ಲಿ ಕೂಫಿ ಲಿಪಿಯ ಅರಬ್ಬಿ ಬರಹವಿದೆ. ಅದರ ಕಾಲವನ್ನು ಹಿಜರಿ 528 ಎಂದು ಹೇಳಲಾಗಿದೆ. ಈಗ ವಿಯೆನ್ನಾದಲ್ಲಿರುವ ಈ ವಸ್ತ್ರವನ್ನು ಮುಂದಿನ ಶತಮಾನಗಳ ಜರ್ಮನ್ ಸಾಮ್ರಾಟರು ಪಟ್ಟಾಭಿಷೇಕದಲ್ಲಿ ಹೊದೆಯುತ್ತಿದ್ದರು. ಕ್ರೈಸ್ತ ಸಾಮ್ರಾಟನ ಹೆಗಲ ಮೇಲೆ ಹಿಜರಿ ಶಕೆಯ ಬರಹ! ಅರಮನೆಯ ಪ್ರಾರ್ಥನಾಮಂದಿರದಲ್ಲಿ ಗೋಡೆಗಳ ಮೊಸಾಯಿಕ್ ಚಿತ್ರಗಳು ಬಿಜಾಂಟಿಯಂ ಶೈಲಿಯವು, ಜೇನುಗೂಡಿನಂತೆ ಕೊರೆದ ಮರದ ಮುಚ್ಚಿಗೆ ಇಸ್ಲಾಮೀ ಶೈಲಿಯದು. ಜಾರ್ಜ್ ಎಂಬ ಅಂತಿಯೋಕದ ಮಂತ್ರಿ ಕಟ್ಟಿಸಿದ ಚರ್ಚಿನಲ್ಲಿ ಕ್ರಿಸ್ತನೇ ರೋಜರನಿಗೆ ಕಿರೀಟವಿಡುವ ಚಿತ್ರವಿದೆ. ಅಲ್ಲಿ ರಾಜ ಎಂಬರ್ಥದ ಲ್ಯಾಟಿನ್ ಶಬ್ದ ಗ್ರೀಕ್ ಅಕ್ಷರಗಳಲ್ಲಿದೆ.

ಇವೆಲ್ಲಕ್ಕಿಂತ ಮನಸ್ಸನ್ನು ಸೆಳೆಯುವುದು 1149ರ ಒಂದು ಸಮಾಧಿಶಿಲೆ. ಗ್ರಿಸಾಂಡಸ್ ಎಂಬ ಪಾದ್ರಿ ತನ್ನ ತಾಯಿ ಅನ್ನಾಳ ನೆನಪಿಗಾಗಿ ನಿಲ್ಲಿಸಿದ ಈ ಕಲ್ಲಿನಲ್ಲಿ ನಾಲ್ಕು ಬರಹಗಳಿವೆ: ಲ್ಯಾಟಿನ್, ಗ್ರೀಕ್, ಅರಬ್ಬಿ, ಮತ್ತು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಒಂದೊಂದು ಬರಹವೂ ತನ್ನ ತನ್ನ ಶಕೆಯಲ್ಲಿ ಕಾಲವನ್ನು ಹೇಳುತ್ತದೆ. ಇದನ್ನು ಜನಸಾಮಾನ್ಯರ ನಡುವಿನ ಸೌಹಾರ್ದದ ಸಾಕ್ಷಿಯೆಂದು ತೋರಿಸುವುದು ರೂಢಿ. ಆದರೆ ಗ್ರಿಸಾಂಡಸ್ ರಾಜನ ಪಾದ್ರಿ. ಅರಮನೆ ತನ್ನನ್ನು ತಾನು ಹೇಗೆ ಬಿಂಬಿಸಿಕೊಳ್ಳುತ್ತಿತ್ತೋ ಹಾಗೆಯೇ ಅವನು ತನ್ನ ತಾಯಿಯ ಸಾವನ್ನೂ ಬಿಂಬಿಸಿದನು. ಒಂದು ಕಲ್ಲಿನ ಮೇಲೆ ನಾಲ್ಕು ಬರಹಗಳಿದ್ದ ಮಾತ್ರಕ್ಕೆ ಆ ಊರಿನ ಕೇರಿಗಳಲ್ಲಿ ನಾಲ್ಕು ಸಮುದಾಯಗಳು ಸರಿಸಮನಾಗಿ ಬಾಳಿದವೆಂದು ತೀರ್ಮಾನಿಸಲಾಗದು. ಬಹುಭಾಷಿಕ ಶಾಸನ ಮೊದಲು ಹೇಳುವುದು ಅದನ್ನು ಬರೆಸಿದವನ ಇಚ್ಛೆಯನ್ನು. ಅದನ್ನು ಓದಬೇಕಾದವರ ಸ್ಥಿತಿಯನ್ನಲ್ಲ.

ಈ ಸಂದೇಹಕ್ಕೆ ಬಲವಾದ ಆಧಾರವನ್ನು ಒದಗಿಸಿದವರು ಜೆರೆಮಿ ಜಾನ್ಸ್. ನಾರ್ಮನ್ ಸಿಸಿಲಿಯ ಅರಬ್ಬಿ ಆಡಳಿತವನ್ನು ಕುರಿತ ಅವರ ಗ್ರಂಥ 2002ರಲ್ಲಿ ಪ್ರಕಟವಾಯಿತು. ಮುಸ್ಲಿಂ ಅಮೀರರ ಕಾಲದ ಅರಬ್ಬಿ ಕಚೇರಿಯನ್ನೇ ನಾರ್ಮನ್ನರು ಮುಂದುವರಿಸಿಕೊಂಡು ಹೋದರೆಂಬುದು ಅಲ್ಲಿಯವರೆಗಿನ ಸಾಮಾನ್ಯ ನಂಬಿಕೆ. ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿದ ಜಾನ್ಸ್, 1111ರಿಂದ 1130ರವರೆಗೆ ಅರಮನೆಯ ಅರಬ್ಬಿ ದಾಖಲೆಗಳೇ ಕಾಣದಿರುವುದನ್ನು ಎತ್ತಿ ತೋರಿಸಿದರು. ಪಟ್ಟಾಭಿಷೇಕದ ನಂತರ ಅರಬ್ಬಿ ಮರಳಿ ಬಂದಾಗ ಅದರ ಲಿಪಿ, ಬಿರುದು, ಬರಹದ ಕ್ರಮಗಳೆಲ್ಲ ಹೊಸವು. ಅವು ಈಜಿಪ್ಟಿನ ಫಾತಿಮಿ ಖಲೀಫರ ಕಚೇರಿಯನ್ನು ಮಾದರಿಯಾಗಿಟ್ಟುಕೊಂಡವು. ಎಂದರೆ ರೋಜರನ ಅರಬ್ಬಿ ಅವನ ಪ್ರಜೆಗಳಿಂದ ಮೇಲೇರಿ ಬಂದದ್ದಲ್ಲ, ಕೈರೋದಿಂದ ತರಿಸಿಕೊಂಡದ್ದು. ಹೊಸದಾಗಿ ರಾಜನೆನಿಸಿಕೊಂಡವನಿಗೆ ಹಳೆಯ ಸಾಮ್ರಾಜ್ಯಗಳ ವೈಭವ ಬೇಕಾಗಿತ್ತು. ಗ್ರೀಕನ್ನು ಕಾನ್‌ಸ್ಟಾಂಟಿನೋಪಲಿನಿಂದ ಎರವಲು ಪಡೆದಂತೆ ಅರಬ್ಬಿಯನ್ನು ಕೈರೋದಿಂದ ಪಡೆದನು. ಅರಬ್ಬಿ ಅವನಿಗೆ ಆಭರಣವಾಗಿತ್ತು.

ಈಗ 1154ನೆಯ ವರ್ಷವನ್ನು ಗಮನಿಸಬಹುದು. ಆ ವರ್ಷದ ಆರಂಭದಲ್ಲಿ ಅಲ್ ಇದ್ರೀಸಿ ಎಂಬ ಭೂಗೋಳಶಾಸ್ತ್ರಜ್ಞ ರೋಜರನ ಆಶ್ರಯದಲ್ಲಿ ಬರೆಯುತ್ತಿದ್ದ ಅರಬ್ಬಿ ಗ್ರಂಥವನ್ನು ಮುಗಿಸಿದನು. ‘ರೋಜರನ ಪುಸ್ತಕ’ವೆಂದೇ ಹೆಸರಾದ ಅದು ಮಧ್ಯಯುಗದ ಭೂಗೋಳಶಾಸ್ತ್ರದ ಶಿಖರಗಳಲ್ಲಿ ಒಂದು. ಅದೇ ವರ್ಷದ ಸಂಗತಿಗಳೊಂದಿಗೆ ಇಂಗ್ಲೆಂಡಿನ ಪೀಟರ್‌ಬರೊ ಮಠದ ಇಂಗ್ಲಿಷ್ ವಾರ್ಷಿಕ ವೃತ್ತಾಂತ ಕೊನೆಗೊಳ್ಳುತ್ತದೆ. ಆಲ್‌ಫ್ರೆಡ್ ರಾಜನ ಕಾಲದಿಂದ ಬೆಳೆದುಬಂದ ಇಂಗ್ಲಿಷ್ ವೃತ್ತಾಂತ ಪರಂಪರೆಯ ಕೊನೆಯ ಪುಟ ಅದು. ಆ ವರ್ಷ ಎರಡೂ ನಾರ್ಮನ್ ರಾಜ್ಯಗಳನ್ನು ಕಂಡ ಪ್ರಯಾಣಿಕನೊಬ್ಬ ಸಿಸಿಲಿಯಲ್ಲಿ ಅರಬ್ಬಿ ಚಿರಕಾಲ ಬಾಳುವುದೆಂದೂ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಹಳ್ಳಿಗಾಡಿನ ಆಡುನುಡಿಯಾಗಿ ಸವೆದುಹೋಗುವುದೆಂದೂ ಭವಿಷ್ಯ ನುಡಿದಿದ್ದರೆ ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ನಡೆದದ್ದು ಇದಕ್ಕೆ ತೀರ ವಿರುದ್ಧ.

ಕಾರಣವನ್ನು ಅರಮನೆಯಲ್ಲಿ ಹುಡುಕಿ ಫಲವಿಲ್ಲ, ಹೊಲಗದ್ದೆಗಳಲ್ಲಿ ಹುಡುಕಬೇಕು. ನಾರ್ಮನ್ ಆಳ್ವಿಕೆ ನೆಲೆಗೊಂಡಂತೆ ಇಟಲಿಯ ಉತ್ತರ ಭಾಗದಿಂದ ಲ್ಯಾಟಿನ್ ಕ್ರೈಸ್ತ ವಲಸೆಗಾರರು ತಂಡತಂಡವಾಗಿ ಸಿಸಿಲಿಯ ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ಬಂದು ನೆಲೆಸಿದರು. ಮುಸ್ಲಿಂ ರೈತರಲ್ಲಿ ಬಹುಪಾಲು ಜನ ಭೂಮಿಗೆ ಕಟ್ಟುಬಿದ್ದ ಒಕ್ಕಲುಗಳಾದರು. ಅವರ ಹೆಸರುಗಳನ್ನು ಒಂದೊಂದಾಗಿ ಬರೆದ ‘ಜರೀದಾ’ ಎಂಬ ಪಟ್ಟಿಗಳು ರಾಜನ ದಾನಪತ್ರಗಳೊಂದಿಗೆ ಉಳಿದುಬಂದಿವೆ. ಅರಬ್ಬಿಯಲ್ಲಿ ಅಂದವಾಗಿ ಬರೆದ, ಕೆಲವೆಡೆ ಪ್ರತಿ ಹೆಸರಿನ ಜೊತೆಗೂ ಗ್ರೀಕ್ ರೂಪವನ್ನು ಕೊಟ್ಟಿರುವ ಈ ಪಟ್ಟಿಗಳನ್ನು ಬಹುಭಾಷಿಕ ಆಡಳಿತದ ಕುಸುರಿ ಕೆಲಸವೆಂದು ಹೊಗಳಿದವರುಂಟು. ಯಾವ ಮನುಷ್ಯ ಯಾವ ಭೂಮಿಯೊಂದಿಗೆ ಯಾವ ಒಡೆಯನಿಗೆ ಸಲ್ಲತಕ್ಕವನು ಎಂದು ಹೇಳುವ ಲೆಕ್ಕದ ಹಾಳೆಗಳಿವು ಎಂಬುದನ್ನು ಆ ಹೊಗಳಿಕೆ ಮರೆಯುತ್ತದೆ. ಎರಡನೆಯ ವಿಲಿಯಂ 1170ರ ದಶಕದಲ್ಲಿ ಮೊನ್ರಿಯಾಲೆಯಲ್ಲಿ ಬೆನೆಡಿಕ್ಟೀನ್ ಮಠವನ್ನು ಸ್ಥಾಪಿಸಿ, ಪಶ್ಚಿಮ ಸಿಸಿಲಿಯ ಮುಸ್ಲಿಂ ಹಳ್ಳಿಗಳ ವಿಶಾಲ ಪ್ರದೇಶವನ್ನು ಅದಕ್ಕೆ ಉಂಬಳಿ ಕೊಟ್ಟನು. ಅರಬ್ಬಿ ಬಲ್ಲ ರಾಜನೇ ಅರಬ್ಬಿ ಭಾಷಿಕರನ್ನು ಲ್ಯಾಟಿನ್ ಮಠದ ಕೈಗೊಪ್ಪಿಸಿದ್ದನ್ನು ದಾಖಲಿಸುವ ಪತ್ರಗಳಲ್ಲಿಯೂ ಅರಬ್ಬಿಯೇ ಇದೆ.

ಅರಮನೆಯೊಳಗೂ ರಕ್ಷಣೆ ಖಚಿತವಾಗಿರಲಿಲ್ಲ. ರೋಜರನ ನೌಕಾದಳದ ನಾಯಕನಾಗಿದ್ದ ಮಹದಿಯಾದ ಫಿಲಿಪ್ ಗುಟ್ಟಾಗಿ ಇಸ್ಲಾಮನ್ನು ಪಾಲಿಸುತ್ತಾನೆಂಬ ಆರೋಪ ಹೊತ್ತು 1153ರಲ್ಲಿ ಬೆಂಕಿಗೆ ಆಹುತಿಯಾದನು. ಸಹಿಷ್ಣುತೆಯ ಮೂರ್ತಿಯೆನಿಸಿದ ರೋಜರನೇ ಆಗ ಸಿಂಹಾಸನದಲ್ಲಿದ್ದವನು. 1160-61ರ ದಂಗೆಗಳಲ್ಲಿ ಪಲೆರ್ಮೊದ ಮುಸ್ಲಿಮರ ಮೇಲೆ ದಾಳಿಗಳಾದವು. ದ್ವೀಪದ ಒಳಭಾಗದಲ್ಲಿ ಉತ್ತರದ ವಲಸೆಗಾರರು ಮುಸ್ಲಿಂ ರೈತರನ್ನು ಕೊಂದರು, ಉಳಿದವರು ಪಶ್ಚಿಮಕ್ಕೆ ಓಡಿದರು.

1184ರ ಕೊನೆಯಲ್ಲಿ ಹಜ್ ಯಾತ್ರೆಯಿಂದ ಮರಳುತ್ತಿದ್ದ ಸ್ಪೇನಿನ ಇಬ್ನ್ ಜುಬೈರ್ ಮೆಸ್ಸಿನಾದ ಬಳಿ ಹಡಗು ಒಡೆದು ಸಿಸಿಲಿಯ ದಡ ಸೇರಿದನು. ಅವನ ಪ್ರವಾಸಕಥನದಷ್ಟು ಪ್ರಾಮಾಣಿಕವಾಗಿ ಗೊಂದಲಗೊಂಡ ಸಾಕ್ಷ್ಯ ಬೇರೊಂದಿಲ್ಲ. ಎರಡನೆಯ ವಿಲಿಯಂ ಅರಬ್ಬಿ ಓದಿ ಬರೆಯಬಲ್ಲನೆಂದೂ ಅಡುಗೆಮನೆಯಿಂದ ಮಂತ್ರಾಲೋಚನೆಯವರೆಗೆ ಮುಸ್ಲಿಮರನ್ನೇ ನೆಚ್ಚಿದ್ದಾನೆಂದೂ ಅವನು ಬೆರಗಿನಿಂದ ಬರೆಯುತ್ತಾನೆ. ಭೂಕಂಪವಾದಾಗ ಅರಮನೆಯ ಹೆಂಗಸರೂ ಖೋಜಾಗಳೂ ಅಲ್ಲಾಹನನ್ನು ಕೂಗಿ ಕರೆದು, ಆಮೇಲೆ ರಾಜನನ್ನು ಕಂಡು ಬೆದರಿದರಂತೆ. ಅವರವರು ತಂತಮ್ಮ ದೇವರನ್ನೇ ಕರೆಯಲಿ ಎಂದು ರಾಜ ಸಮಾಧಾನ ಹೇಳಿದನಂತೆ. ಸಹಿಷ್ಣುತೆಯ ವಕ್ತಾರರು ಈ ಪ್ರಸಂಗವನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಅದೇ ಕಥನದ ಮುಂದಿನ ಭಾಗ ಅಷ್ಟಾಗಿ ಉಲ್ಲೇಖಗೊಳ್ಳುವುದಿಲ್ಲ. ಮನೆಯಲ್ಲಿ ತಂದೆಯೊಡನೆ ಜಗಳವಾಡಿದ ಮಗ ಚರ್ಚಿಗೆ ಹೋಗಿ ಮತ ಬದಲಿಸಿದರೆ ಮತ್ತೆ ಕೈಗೆ ಸಿಗುವುದಿಲ್ಲವೆಂಬ ಭಯದಲ್ಲಿ ಹೆತ್ತವರು ಬದುಕುತ್ತಿದ್ದರು. ತ್ರಾಪಾನಿಯಲ್ಲಿ ಹಿರಿಯನೊಬ್ಬ ತನ್ನ ಎಳೆಯ ಮಗಳನ್ನು ಯಾತ್ರಿಕರಲ್ಲಿ ಯಾರಾದರೂ ಮದುವೆಯಾಗಿಯೋ ಮದುವೆ ಮಾಡಿಸಿಯೋ ಈ ದ್ವೀಪದಿಂದ ಹೊರಗೆ ಕರೆದೊಯ್ಯಲಿ ಎಂದು ಬೇಡಿಕೊಂಡನು. ತನ್ನ ಭಾಷೆಯಲ್ಲೇ ರಾಜನ ನಾಣ್ಯಗಳು ಅಚ್ಚಾಗುತ್ತಿದ್ದ ನಾಡಿನಲ್ಲಿ ಒಬ್ಬ ತಂದೆ ಮಗಳಿಗೆ ಭವಿಷ್ಯವಿಲ್ಲವೆಂದು ಬಗೆದಿದ್ದನು. ನಾರ್ಮನ್ ಸಿಸಿಲಿಯನ್ನು ಅಳೆಯಲು ಅರಮನೆಯ ಮುಚ್ಚಿಗೆಗಿಂತ ಈ ತಂದೆಯ ಮಾತು ಹೆಚ್ಚು ನಂಬಲರ್ಹವಾದ ಅಳತೆಗೋಲು.

ಐದು ವರ್ಷಗಳೊಳಗೆ ಅವನ ಆತಂಕ ನಿಜವಾಯಿತು. 1189ರಲ್ಲಿ ವಿಲಿಯಂ ಮಕ್ಕಳಿಲ್ಲದೆ ಸತ್ತೊಡನೆ ಪಲೆರ್ಮೊದಲ್ಲಿ ಮುಸ್ಲಿಮರ ಹತ್ಯೆ ನಡೆಯಿತು. ಬದುಕುಳಿದವರು ಪಶ್ಚಿಮದ ಗುಡ್ಡಗಳಿಗೆ ಓಡಿ ದಂಗೆಯೆದ್ದರು. ರೋಜರನ ಮಗಳ ಮಗ, ಸಾಮ್ರಾಟ ಎರಡನೆಯ ಫ್ರೆಡರಿಕ್, 1220ರ ದಶಕದಿಂದ ಅವರನ್ನು ಗುಂಪುಗುಂಪಾಗಿ ಇಟಲಿಯ ಮುಖ್ಯಭೂಮಿಯ ಲುಚೇರಾಕ್ಕೆ ಸಾಗಹಾಕಿದನು. ಫ್ರೆಡರಿಕನಿಗೂ ಅರಬ್ಬಿಯ ವಿಜ್ಞಾನ, ತತ್ತ್ವಶಾಸ್ತ್ರಗಳಲ್ಲಿ ಅಪಾರ ಒಲವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1300ರಲ್ಲಿ ನೇಪಲ್ಸಿನ ಎರಡನೆಯ ಚಾರ್ಲ್ಸ್ ಲುಚೇರಾವನ್ನು ಒಡೆದು ಅಲ್ಲಿಯ ಜನರನ್ನು ಗುಲಾಮರನ್ನಾಗಿ ಮಾರಿಸಿದನು. ಸಿಸಿಲಿಯಲ್ಲಿ ಅರಬ್ಬಿಯನ್ನು ಮತ್ತೂ ಕೆಲಕಾಲ ಉಳಿಸಿಕೊಂಡವರು ಅಲ್ಲಿನ ಯಹೂದಿಗಳು. 1492ರ ಉಚ್ಚಾಟನೆಯ ಆಜ್ಞೆ ಅವರನ್ನೂ ಹೊರಗಟ್ಟಿತು.

ಕೊನೆಯ ಹೊಡೆತಗಳು ನಾರ್ಮನ್ನರವಲ್ಲ, ಅವರ ನಂತರದವರವು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಕಾಲಗಣನೆಯ ದೃಷ್ಟಿಯಿಂದ ಅದು ಸರಿ. ಆದರೆ ವಲಸೆಗೆ ದಾರಿ ಮಾಡಿದ್ದು, ಒಕ್ಕಲುಗಳನ್ನು ಪಟ್ಟಿಯಲ್ಲಿ ಬಿಗಿದದ್ದು, ಒಂದಿಡೀ ಸಮುದಾಯದ ಉಳಿವನ್ನು ಒಬ್ಬ ರಾಜನ ಮರ್ಜಿಯ ಎಳೆಗೆ ತೂಗುಹಾಕಿದ್ದು ನಾರ್ಮನ್ ವ್ಯವಸ್ಥೆಯೇ. ರಾಜ ಸತ್ತ ದಿನವೇ ಎಳೆ ಹರಿಯಿತು.

ಆಶ್ರಯದ ಕಾವ್ಯಕ್ಕೆ ಒದಗಿದ ಗತಿಯೂ ಇದೇ. ರೋಜರನನ್ನೂ ಅವನ ಉದ್ಯಾನ, ಅರಮನೆಗಳನ್ನೂ ಹೊಗಳಿದ ಅರಬ್ಬಿ ಕವಿಗಳಿದ್ದರು. ಅವರ ಪದ್ಯಗಳು ತಿಳಿದುಬರುವುದು ಮುಖ್ಯವಾಗಿ ಸಲಾಹುದ್ದೀನನ ಕಾರ್ಯದರ್ಶಿಯಾಗಿದ್ದ ಇಮಾದುದ್ದೀನನ ಸಂಕಲನದಿಂದ. ಅನ್ಯಮತೀಯ ರಾಜನ ಸ್ತುತಿ ಬೇಡವೆಂದು ಅವನು ಅವುಗಳನ್ನು ಕತ್ತರಿಸಿ ಸೇರಿಸಿದನು. ಹೀಗೆ ಆ ಕವಿಗಳು ಸಿಸಿಲಿಯಲ್ಲಿ ಓದುಗರನ್ನು ಕಳೆದುಕೊಂಡರು, ಹೊರಗೆ ಅರ್ಧ ಕವಿತೆಯನ್ನು ಕಳೆದುಕೊಂಡರು. ಸಿಸಿಲಿಯ ಅರಬ್ಬಿ ಕವಿಗಳಲ್ಲಿ ಇಂದಿಗೂ ಬಾಳುವವನು ನಾರ್ಮನ್ನರು ಬಂದ ಮೇಲೆ ನಾಡು ತೊರೆದ ಇಬ್ನ್ ಹಮ್ದೀಸ್. ಸುಮಾರು 1078ರಲ್ಲಿ ಸ್ಪೇನಿಗೆ ಹೋಗಿ, 1133ರಲ್ಲಿ ತೀರಿಕೊಳ್ಳುವವರೆಗೆ ಅವನು ಕಳೆದುಹೋದ ತವರನ್ನು ಹಾಡಿಕೊಂಡೇ ಇದ್ದನು. ಈ ಸಾಹಿತ್ಯವನ್ನೆಲ್ಲ ಒಟ್ಟುಗೂಡಿಸುವ ಕೆಲಸ ನಡೆದದ್ದು 19ನೆಯ ಶತಮಾನದಲ್ಲಿ: ಪಲೆರ್ಮೊದ ಮಿಕೆಲೆ ಅಮಾರಿ ದೇಶಭ್ರಷ್ಟನಾಗಿ ಪ್ಯಾರಿಸ್ ಸೇರಿ, ಅಲ್ಲಿ ಅರಬ್ಬಿ ಕಲಿತು, 1854ರಿಂದ 1872ರವರೆಗೆ ಸಿಸಿಲಿಯ ಮುಸ್ಲಿಮರ ಚರಿತ್ರೆಯನ್ನು ಪ್ರಕಟಿಸಿದನು. ತನ್ನ ಊರಿನ ಹಳೆಯ ಭಾಷೆಯನ್ನು ಸಿಸಿಲಿಯವನೊಬ್ಬ ಪ್ಯಾರಿಸ್ಸಿನಲ್ಲಿ ಕಲಿಯಬೇಕಾಯಿತು.

ಇಂಗ್ಲೆಂಡಿನಲ್ಲಿ ನಾರ್ಮನ್ನರು ಇಂಗ್ಲಿಷಿಗೆ ಯಾವ ಗೌರವವನ್ನೂ ತೋರಲಿಲ್ಲ. ವಿಲಿಯಂ ಮೊದಲ ಕೆಲವು ವರ್ಷ ಇಂಗ್ಲಿಷಿನಲ್ಲಿ ಆಜ್ಞಾಪತ್ರಗಳನ್ನು ಹೊರಡಿಸಿದನಾದರೂ 1070ರ ಸುಮಾರಿಗೆ ಅದು ನಿಂತು ಲ್ಯಾಟಿನ್ ಬಂದಿತು. 1086ರ ಡೂಮ್ಸ್‌ಡೇ ಗಣತಿಯ ಹೊತ್ತಿಗೆ ರಾಜನಿಂದ ನೇರವಾಗಿ ದೊಡ್ಡ ಜಮೀನು ಪಡೆದ ಇಂಗ್ಲಿಷರು ಬೆರಳೆಣಿಕೆಗೂ ಕಡಿಮೆ. 1069-70ರಲ್ಲಿ ಉತ್ತರ ಭಾಗವನ್ನು ಸುಟ್ಟು ಹಾಳುಗೆಡವಿದ ಕ್ರೌರ್ಯ ಸಿಸಿಲಿಯ ಗೆಲುವಿನಲ್ಲಿ ಕಾಣುವುದಿಲ್ಲ. ಇಷ್ಟಾದರೂ ಹತ್ತಾರು ಲಕ್ಷ ಇಂಗ್ಲಿಷರ ನಡುವೆ ಬಂದು ನೆಲೆಸಿದ ನಾರ್ಮನ್ನರು ಕೆಲವೇ ಸಾವಿರ. ಉಳುವವರನ್ನು ಬದಲಿಸುವಷ್ಟು ವಲಸೆ ಅಲ್ಲಿ ನಡೆಯಲಿಲ್ಲ. ಗೆದ್ದವರೂ ಸೋತವರೂ ಒಂದೇ ಮತದವರಾದ್ದರಿಂದ ಮದುವೆಗೆ ಅಡ್ಡಿಯಿರಲಿಲ್ಲ. 1170ರ ದಶಕದ ಕೊನೆಗೆ ರಾಜನ ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಸ್‌ನೀಲ್, ಸ್ವತಂತ್ರರಾದ ಜನರಲ್ಲಿ ಯಾರು ಇಂಗ್ಲಿಷರು ಯಾರು ನಾರ್ಮನ್ನರು ಎಂದು ಹೇಳುವುದೇ ಕಷ್ಟವೆಂದು ಬರೆದನು. 1204ರಲ್ಲಿ ನಾರ್ಮಂಡಿ ಕೈತಪ್ಪಿತು. 1362ರಲ್ಲಿ ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾಯಿದೆ ಬಂದಿತು. ಆ ಕಾಯಿದೆಯನ್ನು ಬರೆದದ್ದು ಫ್ರೆಂಚಿನಲ್ಲಿ ಎಂಬುದು ಬೇರೆ ಮಾತು.

ಇಂಗ್ಲೆಂಡಿನ ಉದಾಹರಣೆ ಜನಸಂಖ್ಯೆಯ ಬಲವನ್ನು ಮಾತ್ರ ತೋರಿಸುತ್ತದೆ, ಅರಬ್ಬಿ ಅಳಿದದ್ದು ಮತದ ಕಾರಣದಿಂದಲೇ ಹೊರತು ಭೂಮಿಯ ಕಾರಣದಿಂದಲ್ಲ ಎಂದು ವಾದಿಸುವವರಿಗೆ ಮಾಲ್ಟಾ ಉತ್ತರ ಕೊಡುತ್ತದೆ. ಸಿಸಿಲಿಯ ದಕ್ಷಿಣಕ್ಕಿರುವ ಈ ಪುಟ್ಟ ದ್ವೀಪಸಮೂಹದ ಮೇಲೆ ಹಿರಿಯ ರೋಜರ್ 1091ರಲ್ಲಿ ದಾಳಿ ಮಾಡಿದನು, ಅವನ ಮಗ 1127ರಲ್ಲಿ ಅದನ್ನು ಭದ್ರವಾಗಿ ತನ್ನ ಅಧೀನಕ್ಕೆ ತಂದನು. ಅಲ್ಲಿಯ ಅರಬ್ಬಿಗೆ ಪಲೆರ್ಮೊದ ಅರಬ್ಬಿಗಿದ್ದ ಮನ್ನಣೆ ಇರಲಿಲ್ಲ. ಕಾಲಾಂತರದಲ್ಲಿ ಜನರೆಲ್ಲ ಕ್ರೈಸ್ತರಾದರು. ಆಡುವ ಮಾತನ್ನು ಮಾತ್ರ ಬಿಡಲಿಲ್ಲ. ಸಿಸಿಲಿಯ ಅರಬ್ಬಿಯ ವಂಶದ ಆ ಮಾತೇ ಇಂದಿನ ಮಾಲ್ಟೀಸ್. ಅದರ ಅತಿ ಹಳೆಯ ಕೃತಿಯೆಂದು ಪರಿಗಣಿತವಾದ, 15ನೆಯ ಶತಮಾನದ ಪೀತ್ರು ಕಶಾರೊನ ಕವಿತೆ ಬೆಳಕಿಗೆ ಬಂದದ್ದು 1966ರಲ್ಲಿ. ಶತಮಾನಗಳ ಕಾಲ ಅಡುಗೆಮನೆಯ ನುಡಿಯೆನಿಸಿದ್ದ ಮಾಲ್ಟೀಸ್ 1934ರಲ್ಲಿ ಅಧಿಕೃತ ಸ್ಥಾನ ಪಡೆಯಿತು, 2004ರಲ್ಲಿ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದಾಯಿತು. ಅಲ್ಲಿ ಮತ ಬದಲಾಯಿತು, ಆದರೆ ಆಡುವ ಜನ ತಮ್ಮ ನೆಲದಿಂದ ಕದಲಲಿಲ್ಲ.

ಸಿಸಿಲಿಯಲ್ಲಿ ಅರಬ್ಬಿ ಕುರುಹು ಬಿಡದೆ ಹೋಯಿತೆಂದಲ್ಲ. ಕಾಲ್ತನಿಸೆಟ್ಟಾ, ಕಲತಾಫೀಮಿ ಎಂಬ ಊರುಗಳ ಹೆಸರಿನ ಮೊದಲಲ್ಲಿ ಕೋಟೆಯೆಂಬ ಅರ್ಥದ ಅರಬ್ಬಿ ಶಬ್ದವಿದೆ. ಕನ್ನಡದ ‘ಕಿಲ್ಲೆ’ಯೂ ಅದರ ಬಳಗದ್ದೇ. ರೋಜರನ ಕಂದಾಯ ಕಚೇರಿಯ ಹೆಸರಾಗಿದ್ದ ‘ದೀವಾನ್’ ಇಟಲಿಯಲ್ಲಿ ಸುಂಕದಕಟ್ಟೆಯ ಹೆಸರಾಗಿ ‘ದೊಗಾನಾ’ ಎಂದು ಉಳಿದರೆ, ಪಾರಸಿಯ ಮೂಲಕ ಭಾರತಕ್ಕೆ ಬಂದು ಮೈಸೂರಿನ ದಿವಾನರ ಪದವಿಯಾಯಿತು. ಅಷ್ಟೇಕೆ, ಕರ್ನಾಟಕದ ಯಾವುದೇ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ರೋಜರನ ಆಸ್ಥಾನದ ಮೂರೂ ಭಾಷೆಗಳ ಗುರುತು ಸಿಗುತ್ತದೆ: ‘ಕೋರ್ಟು’, ‘ಅಪೀಲು’ ಲ್ಯಾಟಿನ್ನಿನಿಂದ ಫ್ರೆಂಚ್, ಇಂಗ್ಲಿಷ್‌ಗಳ ಮೂಲಕ ಬಂದವು, ‘ವಕೀಲ’, ‘ಅರ್ಜಿ’ ಅರಬ್ಬಿಯವು, ‘ಕಾನೂನು’ ಗ್ರೀಕಿನಿಂದ ಅರಬ್ಬಿಗೆ ದಾಟಿದ್ದು. ಪದಗಳು ಸಮುದ್ರ ದಾಟಿ ಬದುಕುತ್ತವೆ. ಆದರೆ ಎರವಲು ಪದಗಳ ಪಟ್ಟಿ ಉದ್ದವಾಗಿರುವುದನ್ನು ಭಾಷೆಯೊಂದರ ಬಾಳಿಕೆಯೆಂದು ಭ್ರಮಿಸಬಾರದು.

ಕನ್ನಡ ಸಾಹಿತ್ಯ ಚರಿತ್ರೆಯ ರಚನಾಕ್ರಮಕ್ಕೂ ಈ ನಿದರ್ಶನ ಸಂಬಂಧಿಸಿದ್ದು. ಅರಸುಮನೆತನಗಳ ಹೆಸರಿನಲ್ಲಿ ಯುಗಗಳನ್ನು ವಿಂಗಡಿಸಿ, ಆಶ್ರಯದಾತನ ಬಿರುದುಗಳಿಂದ ಭಾಷೆಯ ಏಳಿಗೆಯನ್ನು ಅಳೆಯುವ ಪದ್ಧತಿ ಇಂದಿಗೂ ಪಠ್ಯಕ್ರಮಗಳಲ್ಲಿ ಬಲವಾಗಿದೆ. ರಾಜಾಶ್ರಯದಿಂದ ಕಾವ್ಯ ಹುಟ್ಟಬಹುದು. ಅದೇ ಕಾಲದಲ್ಲಿ ಉಳುವ, ನೇಯುವ, ಮಾರುವ ಜನರ ಬಾಯಲ್ಲಿ ಆ ಭಾಷೆಯ ಸ್ಥಿತಿ ಏನಾಗಿತ್ತು, ಅವರ ಭೂಮಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಅದು ತೀರಿಸುವುದಿಲ್ಲ. ಶಾಸನಗಳು ರಾಜನ ಪ್ರಶಸ್ತಿಯ ಜೊತೆಗೆ ಎಲ್ಲೆಗಳನ್ನೂ ಒಕ್ಕಲುಗಳನ್ನೂ ಹೇಳುತ್ತವೆ. ಪ್ರಶಸ್ತಿಭಾಗ ಸಾಹಿತ್ಯ ವಿದ್ವಾಂಸರಿಗೆ, ಎಲ್ಲೆಯ ಭಾಗ ಆರ್ಥಿಕ ಚರಿತ್ರಕಾರರಿಗೆ ಎಂದು ಹಂಚಿಕೊಂಡಾಗ ಇಂಥ ಪ್ರಶ್ನೆ ಯಾರದೂ ಆಗದೆ ಉಳಿಯುತ್ತದೆ.

1182ರಲ್ಲಿ ಮೊನ್ರಿಯಾಲೆ ಮಠಕ್ಕೆ ಕೊಟ್ಟ ಪತ್ರ ಲ್ಯಾಟಿನ್ ಮತ್ತು ಅರಬ್ಬಿ ಎರಡರಲ್ಲಿಯೂ ಇದೆ. ಮಠಕ್ಕೆ ಸೇರಿದ ಒಂದೊಂದು ಹಳ್ಳಿಯ ಎಲ್ಲೆಯನ್ನೂ ಹಳ್ಳ, ಬಂಡೆ, ದಾರಿಗಳ ಗುರುತಿನೊಂದಿಗೆ ಅದು ಹೇಳುತ್ತಾ ಹೋಗುತ್ತದೆ. ಆ ಗುರುತುಗಳನ್ನು ಕಂಡು ಹೇಳಿದವರು ಆ ಹೊಲಗಳನ್ನು ಉತ್ತವರೇ ಇರಬೇಕು. 13ನೆಯ ಶತಮಾನ ಮುಗಿಯುವುದರೊಳಗೆ ಆ ಹಳ್ಳಿಗಳಲ್ಲಿ ಹಲವು ಪಾಳುಬಿದ್ದವು. ಅವುಗಳ ಹೆಸರುಗಳು ಈಗ ಆ ಪತ್ರದಲ್ಲಿ ಮಾತ್ರ ಇವೆ.